ದೆವ್ವ ಹೋದ ಮೇಲೂ ಉಳಿಯುವ ಭಯ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ಹಾಡಿನ ಕೌಂಟ್‌ಡೌನ್‌ಗಾಗಿ ಕಾದು ಕುಳಿತವರು ಇವತ್ತು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಬೇಕು. ಕೌಂಟ್‌ಡೌನ್ ಇದೆ, ಆದರೆ ಹಾಡಿನದಲ್ಲ, ಭಯದ್ದು. 'ಅಮೆರಿಕನ್ ಹಾರರ್ ಸ್ಟೋರಿ' ಎಂಬ ಟಿವಿ ಸರಣಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೀವು ನೋಡಿಲ್ಲದಿದ್ದರೆ ನಿಮ್ಮ ಮನೆಯ ಮಕ್ಕಳು ಹೊದಿಕೆಯೊಳಗೆ ಮೊಬೈಲ್ ಹಿಡಿದು ನೋಡಿರಬಹುದು! ರಯಾನ್ ಮರ್ಫಿ ಮತ್ತು ಬ್ರ್ಯಾಡ್ ಫಾಲ್ಚಕ್ ಸೇರಿ ಕಟ್ಟಿದ ಈ ಸರಣಿ ಅಮೆರಿಕದ ಎಫ್‌ಎಕ್ಸ್ ಚಾನೆಲ್‌ನಲ್ಲಿ 2011ರ ಅಕ್ಟೋಬರ್‌ನಲ್ಲಿ ಶುರುವಾಯಿತು. 2024ರ ಹೊತ್ತಿಗೆ 12 ಸೀಸನ್‌ಗಳಾದವು. ಪ್ರತಿ ಸೀಸನ್‌ಗೂ ಬೇರೆ ಕಥೆ, ಬೇರೆ ಊರು, ಬೇರೆ ಕಾಲ. ನಟರು ಮಾತ್ರ ಹೆಚ್ಚುಕಡಿಮೆ ಅವರೇ. ನಮ್ಮ ಕಂಪನಿ ನಾಟಕಗಳ ಹಾಗೆ, ನಿನ್ನೆ ರಾಕ್ಷಸನಾದವನು ಇವತ್ತು ರಾಜ.

ಹಾಗಾಗಿ ಯಾವ ಸೀಸನ್‌ನಿಂದ ಬೇಕಾದರೂ ನೋಡಬಹುದು. ಯಾವುದನ್ನು ಮೊದಲು ನೋಡಬೇಕು ಎಂಬುದೇ ಪ್ರಶ್ನೆ. ನನ್ನ ಅಳತೆಗೋಲು ಒಂದೇ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ದೆವ್ವ ವಾಪಸು ಹೋಗುತ್ತದೆ ಎಂದು ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಜನ ನಂಬಿದ್ದರಲ್ಲ, ಹಾಗೆ ವಾಪಸು ಕಳಿಸಲಾಗದ ಭಯ ಯಾವ ಸೀಸನ್‌ನಲ್ಲಿದೆ? ಟಿವಿ ಆರಿಸಿ ದೀಪ ಹಾಕಿದ ಮೇಲೂ ಉಳಿಯುವುದು ಯಾವುದು?

ಕೆಳಗಿನಿಂದ ಬರೋಣ. 12ನೆಯ ಸ್ಥಾನ 2023-24ರ 'ಡೆಲಿಕೇಟ್'ಗೆ. ಗರ್ಭಿಣಿ ನಟಿಯೊಬ್ಬಳ ಸಂಕಟವನ್ನು ಯಾರೂ ನಂಬುವುದಿಲ್ಲ. ವಸ್ತು ಒಳ್ಳೆಯದು, ಆದರೆ ಕೊನೆಯನ್ನು ಬಸ್ಸು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಮುಗಿಸಿದ್ದಾರೆ. 11ನೆಯದು 2021ರ 'ಡಬಲ್ ಫೀಚರ್'. ಇದರಲ್ಲಿ ಎರಡು ಕಥೆ; ಒಂದು ಮಾತ್ರೆ ನುಂಗಿದರೆ ಪ್ರತಿಭೆ ಚಿಗುರಿ ರಕ್ತದ ದಾಹ ಹತ್ತುವ ಮೊದಲ ಕಥೆ ಚೆನ್ನ, ಎರಡನೆಯದು ಅದನ್ನೂ ಮುಳುಗಿಸುತ್ತದೆ. 10ನೆಯದು 2018ರ 'ಅಪೋಕಲಿಪ್ಸ್', ಹಳೆಯ ಎರಡು ಸೀಸನ್‌ಗಳ ಪಾತ್ರಗಳನ್ನು ಒಟ್ಟಿಗೆ ಕರೆದು ಮಾಡಿದ ಬೀಗರೂಟ. 9ನೆಯದು 2015ರ 'ಹೋಟೆಲ್'. ಲೇಡಿ ಗಾಗಾಗೆ ಗೋಲ್ಡನ್ ಗ್ಲೋಬ್ ಬಂತು, ನಿಜ. ಆದರೆ ಮಂಟಪದ ಅಲಂಕಾರ ಜಾಸ್ತಿ, ಎಲೆಯ ಮೇಲೆ ಬಡಿಸಿದ್ದು ಕಡಿಮೆ.

8ನೆಯದು 2014ರ 'ಫ್ರೀಕ್ ಶೋ'. 1952ರ ಫ್ಲಾರಿಡಾದ ಒಂದು ಪ್ರದರ್ಶನ ತಂಡದ ಕಥೆ. ಜಗತ್ತಿನ ಅತಿ ಕುಳ್ಳ ಮಹಿಳೆ ಎಂದು ಗಿನ್ನೆಸ್ ದಾಖಲೆಗೆ ಸೇರಿದ ನಮ್ಮ ನಾಗಪುರದ ಜ್ಯೋತಿ ಆಮ್ಗೆ ಇದರಲ್ಲಿ ನಟಿಸಿದ್ದಾರೆ. ನೋಡಲು ಬಂದವರೇ ವಿಕಾರ, ನೋಡಿಸಿಕೊಂಡವರಲ್ಲ ಎಂಬುದು ಇದರ ತಿರುಳು. ಆ ತಿರುಳನ್ನು ಕೊನೆಯವರೆಗೆ ಹಿಡಿದಿಟ್ಟುಕೊಳ್ಳಲಿಲ್ಲ. 7ನೆಯದು 2019ರ '1984', ಬೇಸಿಗೆ ಶಿಬಿರದಲ್ಲಿ ಕೊಲೆಗಾರನ ಓಡಾಟ. ಕಡಲೆಕಾಯಿ ತಿನ್ನುತ್ತಾ ನೋಡಿ, ಮರೆತುಬಿಡಬಹುದು.

6ನೆಯದು 2017ರ 'ಕಲ್ಟ್'. ದೆವ್ವವೇ ಇಲ್ಲ. 2016ರ ಅಮೆರಿಕದ ಚುನಾವಣೆಯ ರಾತ್ರಿಯಿಂದ ಕಥೆ ಶುರು. ಜನರ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡು ಒಬ್ಬ ಯುವಕ ನಾಯಕನಾಗುತ್ತಾನೆ. 5ನೆಯದು 2013ರ 'ಕೋವೆನ್', ನ್ಯೂ ಆರ್ಲಿಯನ್ಸ್‌ನ ಮಾಟಗಾತಿಯರು. ಇದರಲ್ಲಿ ಕ್ಯಾಥಿ ಬೇಟ್ಸ್ ಮಾಡಿದ ಲಾಲೋರಿ ಪಾತ್ರ ಕಲ್ಪನೆಯಲ್ಲ. 1834ರಲ್ಲಿ ಆಕೆಯ ಮನೆಗೆ ಬೆಂಕಿ ಬಿದ್ದಾಗ, ಸರಪಳಿ ಹಾಕಿ ಹಿಂಸಿಸಿದ ಗುಲಾಮರು ಒಳಗೆ ಸಿಕ್ಕಿದರು. ಅಂಥ ಹೆಂಗಸನ್ನು ಅಲ್ಲಲ್ಲಿ ನಗೆಪಾಟಲಿನ ಪಾತ್ರ ಮಾಡಿದ್ದು ನನಗೆ ಸರಿ ಕಾಣಲಿಲ್ಲ. 4ನೆಯದು 2016ರ 'ರೊವಾನೋಕ್'. ದೆವ್ವದ ಮನೆಯಿಂದ ಜೀವ ಉಳಿಸಿಕೊಂಡು ಬಂದವರನ್ನು ಟಿಆರ್‌ಪಿಗಾಗಿ ಮತ್ತೆ ಅದೇ ಮನೆಗೆ ಕಳಿಸುತ್ತಾರೆ. ಮಾಧ್ಯಮದವಳಾದ ನನಗೆ ಇದು ನಾಟಿದ್ದರಲ್ಲಿ ಆಶ್ಚರ್ಯವಿಲ್ಲ.

3ನೆಯದು ಮೊಟ್ಟಮೊದಲ ಸೀಸನ್, 'ಮರ್ಡರ್ ಹೌಸ್'. ಬಿರುಕು ಬಿಟ್ಟ ಸಂಸಾರವನ್ನು ಸರಿಮಾಡಿಕೊಳ್ಳಲು ಒಂದು ಕುಟುಂಬ ಲಾಸ್ ಏಂಜಲೀಸ್‌ನಲ್ಲಿ ಹಳೆಯ ಬಂಗಲೆ ಕೊಳ್ಳುತ್ತದೆ. ಅಲ್ಲಿ ಸತ್ತವರು ಅಲ್ಲೇ ಉಳಿಯುತ್ತಾರೆ. ಬದುಕಿದ್ದವರೂ ಬಿಟ್ಟು ಹೋಗಲಾರರು, ಯಾಕೆಂದರೆ ಇದ್ದ ಹಣವೆಲ್ಲ ಅದರಲ್ಲೇ ಹೂತುಹೋಗಿದೆ. ಮಹಾನಗರದಲ್ಲಿ ಮನೆಸಾಲದ ಕಂತು ಕಟ್ಟುವವರಿಗೆ ಈ ಭಯವನ್ನು ನಾನು ವಿವರಿಸಬೇಕೇ?

2ನೆಯದು 2022ರ 'ಎನ್‌ವೈಸಿ'. ಕಾಲ 1981, ಊರು ನ್ಯೂಯಾರ್ಕ್. ಸಲಿಂಗಕಾಮಿ ಗಂಡಸರು ಒಬ್ಬೊಬ್ಬರಾಗಿ ಕೊಲೆಯಾಗುತ್ತಿದ್ದಾರೆ, ಪೊಲೀಸರಿಗೆ ಅದು ಲೆಕ್ಕಕ್ಕೇ ಇಲ್ಲ. ಮುಖವಾಡದ ದೈತ್ಯನೊಬ್ಬ ಬೆನ್ನುಹತ್ತುತ್ತಾನೆ. ಅವನು ಬರಲಿರುವ ರೋಗದ ನೆರಳು ಎಂಬುದು ನಿಧಾನವಾಗಿ ಹೊಳೆಯುತ್ತದೆ. ಮುಂದೆ ಏಡ್ಸ್ ಎಂದು ಹೆಸರಾದ ಕಾಯಿಲೆಯ ಮೊದಲ ಸರಕಾರಿ ವರದಿ ಅಮೆರಿಕದಲ್ಲಿ ಪ್ರಕಟವಾದದ್ದು 1981ರ ಜೂನ್ 5ರಂದು. ನೋಡುವ ನಮಗೆ ಮುಂದಿನದು ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಕಣ್ಣು ಒದ್ದೆಯಾಗುವುದು ಅಲ್ಲಿ.

ಇನ್ನು ಮೊದಲ ಸ್ಥಾನ, 2012ರ 'ಅಸೈಲಮ್'. 1964ರ ಮಸಾಚುಸೆಟ್ಸ್‌ನಲ್ಲಿ ಚರ್ಚು ನಡೆಸುವ ಒಂದು ಹುಚ್ಚಾಸ್ಪತ್ರೆ. ಅಲ್ಲಿನ ಗುಟ್ಟು ಬಯಲಿಗೆಳೆಯಲು ಹೋದ ಪತ್ರಕರ್ತೆ ಲಾನಾಳನ್ನು ಅಲ್ಲೇ ಕೂಡಿಹಾಕುತ್ತಾರೆ. ಕಾರಣ? ಅವಳು ಪ್ರೀತಿಸಿದ್ದು ಒಬ್ಬ ಹೆಂಗಸನ್ನು. ಆಸ್ಪತ್ರೆಯ ಸಿಸ್ಟರ್ ಜೂಡ್ ಆ ಗೆಳತಿಯನ್ನೇ ಬೆದರಿಸಿ ಕಾಗದಕ್ಕೆ ಸಹಿ ಹಾಕಿಸುತ್ತಾಳೆ. ಈ ಸೀಸನ್‌ನಲ್ಲಿ ಪಿಶಾಚಿ ಇದೆ, ನಾಜಿ ವೈದ್ಯನಿದ್ದಾನೆ, ಅನ್ಯಗ್ರಹದವರೂ ಬರುತ್ತಾರೆ. ಅತಿಯಾಯಿತು ಎಂದರೆ ನಾನು ವಾದಿಸುವುದಿಲ್ಲ. ಆದರೆ ಇಷ್ಟು ಭೂತಗಳ ನಡುವೆ ನನ್ನ ನಿದ್ದೆ ಕೆಡಿಸಿದ್ದು ಆ ಒಂದು ಸಹಿ. 'ನನಗೆ ಹುಚ್ಚಿಲ್ಲ' ಎಂದು ಲಾನಾ ಕೂಗಿದಷ್ಟೂ ಅದೇ ಹುಚ್ಚಿನ ಪುರಾವೆಯಾಗುತ್ತದೆ. ಇದು ಬರೀ ಕಟ್ಟುಕಥೆಯಲ್ಲ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಅದರ ಹಿಂದಿನ ವರ್ಷ ಟಿವಿ ವರದಿಗಾರ ಹೆರಾಲ್ಡೊ ರಿವೇರಾ ನ್ಯೂಯಾರ್ಕಿನ ವಿಲೋಬ್ರೂಕ್ ಸಂಸ್ಥೆಯೊಳಗೆ ಕ್ಯಾಮೆರಾ ಒಯ್ದು, ಅಲ್ಲಿನ ಮಕ್ಕಳ ದುಸ್ಥಿತಿಯನ್ನು ದೇಶಕ್ಕೆ ತೋರಿಸಿದ್ದ. ಸೀಸನ್ನಿನ ಕೊನೆಯ ಕಂತು ನೋಡಿದವರಿಗೆ ಆ ನೆನಪು ಬಾರದೆ ಇರದು.

ಇನ್ನೊಂದು ಮಾತು, ರೇಡಿಯೊದವಳಾಗಿ. ಆ ಆಸ್ಪತ್ರೆಯ ಹಜಾರದಲ್ಲಿ 'ಡೊಮಿನಿಕ್' ಎಂಬ ಹಾಡಿನ ರೆಕಾರ್ಡು ಸುತ್ತುತ್ತಲೇ ಇರುತ್ತದೆ. ಬೆಲ್ಜಿಯಂನ ಸನ್ಯಾಸಿನಿಯೊಬ್ಬಳು ಹಾಡಿದ, 1963ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ಮುದ್ದಾದ ಹಾಡು ಅದು. ಇಲ್ಲಿ ಕೇಳುತ್ತಾ ಕೇಳುತ್ತಾ ಮೈ ಜುಮ್ಮೆನ್ನುತ್ತದೆ. ನನ್ನ ಮಾತು ಬೇಸರವಾದರೆ ನೀವು ರೇಡಿಯೊದ ಗುಂಡಿ ತಿರುಗಿಸಬಹುದು. ಅಲ್ಲಿದ್ದವರಿಗೆ ಆ ಗುಂಡಿಯೇ ಇರಲಿಲ್ಲ.

ಚಿಕ್ಕ ಮಕ್ಕಳಿಗೆ ಇದನ್ನು ತೋರಿಸಬೇಡಿ, ಹಿಂಸೆ ಬಹಳ. ದೊಡ್ಡವರು 'ಅಸೈಲಮ್'ನಿಂದ ಶುರು ಮಾಡಿ. ನಿಮ್ಮ ಪಟ್ಟಿ ಬೇರೆಯಾಗಿದ್ದರೆ ಬರೆದು ಕಳಿಸಿ, ಜಗಳವಾಡೋಣ. ಮತ್ತೆ ಈ ವಾರ ಮನೆಯಲ್ಲಿ ಯಾರಾದರೂ 'ನನಗೆ ಹೀಗಾಗುತ್ತಿದೆ' ಎಂದು ಮಾತು ತೆಗೆದರೆ, ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ.

ಈಗ ಹಾಡು. ಹೆದರಬೇಡಿ, 'ಡೊಮಿನಿಕ್' ಅಲ್ಲ. ನಮಸ್ಕಾರ.