ಲಕ್ವಾ ಹೊಡೆದ ಮನೆಗೆ ತರಬೇತಿಯೂ ಬೇಕು, ನೆರವೂ ಬೇಕು

(ಮಣ್ಣೂರಿನ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಇಂದು ನಾವು ನಿಮ್ಮ ಮುಂದಿಡುವ ವಿಷಯ ಬರೀ ವೈದ್ಯರಿಗೆ ಸಂಬಂಧಿಸಿದ್ದೆಂದು ಕೆಲವರಿಗೆ ತೋರಬಹುದು. ಅದು ದುಡಿಮೆಗೂ ಕೂಲಿಗೂ ಸಂಬಂಧಿಸಿದ್ದು. ವೈದ್ಯರು ಪಾರ್ಶ್ವವಾಯು ಎನ್ನುವ, ನಮ್ಮ ಭಾಗದವರು ಲಕ್ವಾ ಎನ್ನುವ ರೋಗ ಒಬ್ಬರಿಗೆ ಬಡಿಯಿತೆಂದರೆ ಮನೆಯ ಇಬ್ಬರ ದುಡಿಮೆ ನಿಲ್ಲುತ್ತದೆ. ಹೊರಸಿನ ಮೇಲೆ ಮಲಗಿದವನೊಬ್ಬ, ಅವನನ್ನು ನೋಡಿಕೊಳ್ಳುವವಳೊಬ್ಬಳು. ತೊಗರಿ ಕಟಾವಿನ ದಿನಗಳಲ್ಲಿ ಸೊಸೆಯ ಕೂಲಿ ತಪ್ಪಿದರೆ ಆ ಮನೆಯ ಒಲೆಯ ಗತಿ ಏನಾಗುವುದೆಂದು ಭೀಮಾತೀರದವರಿಗೆ ನಾವು ಹೇಳಬೇಕಾಗಿಲ್ಲ.

ಆಸ್ಪತ್ರೆಯಲ್ಲಿ ಜೀವ ಉಳಿಯುತ್ತದೆ. ಕೆಲವು ದಿನಗಳಾದ ಮೇಲೆ ಗುಳಿಗೆ ಬರೆದುಕೊಟ್ಟು ಮನೆಗೆ ಕಳಿಸುತ್ತಾರೆ. ರೋಗಿ ಮತ್ತೆ ಎದ್ದು ಕೂಡುವ, ನಡೆಯುವ, ತನ್ನ ಕೈಯಿಂದ ಉಣ್ಣುವ ಕೆಲಸದ ಬಹುಭಾಗ ಆನಂತರದ್ದು. ಮೊದಲ ೩ರಿಂದ ೬ ತಿಂಗಳಲ್ಲಿ ಸುಧಾರಣೆ ಹೆಚ್ಚು. ಆಮೇಲೂ ಅದು ನಿಧಾನವಾಗಿ ಮುಂದುವರಿಯಬಹುದು. ಈ ಬೆಲೆಯುಳ್ಳ ತಿಂಗಳುಗಳು ಹಳ್ಳಿಯಲ್ಲಿ ಯಾರ ಕೈಯಲ್ಲಿ ಕಳೆಯುತ್ತವೆ? ಹೆಂಡತಿ, ಮಗಳು, ಸೊಸೆಯ ಕೈಯಲ್ಲಿ. ಆಕೆಯನ್ನು ಕೂಡ್ರಿಸಿಕೊಂಡು ಕೆಲಸ ಕಲಿಸಿಕೊಟ್ಟವರು ಎಷ್ಟು ಮಂದಿ?

ಕಲಿಯಬೇಕಾದುದು ಕಠಿಣ ವಿದ್ಯೆಯೇನೂ ಅಲ್ಲ. ತಾನಾಗಿ ಹೊರಳಲಾರದ ರೋಗಿಯ ಮಗ್ಗುಲನ್ನು ಸುಮಾರು ೨ ಗಂಟೆಗೊಮ್ಮೆ ಬದಲಿಸಬೇಕು. ಇಲ್ಲವಾದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣು ಬೀಳುತ್ತದೆ. ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಬಾರದು. ಬಲವಿಲ್ಲದ ಭುಜದ ಕೀಲು ಜಾರಿ ನೋವು ನಿಲ್ಲುತ್ತದೆ. ಕೌದಿಯನ್ನು ಮಡಿಚಿ ಆ ಕೈಯ ಕೆಳಗೆ ಆಸರೆ ಕೊಡಬೇಕು. ಮಲಗಿಸಿ ಬಾಯಿಗೆ ನೀರು ಹಾಕಬಾರದು. ನೆಟ್ಟಗೆ ಕೂಡ್ರಿಸಿ ಸಣ್ಣ ತುತ್ತು ಕೊಡಬೇಕು. ನುಂಗುವ ಶಕ್ತಿ ಕುಂದಿದವರಿಗೆ ಗಟ್ಟಿ ಅಂಬಲಿಗಿಂತ ತೆಳ್ಳನೆಯ ನೀರೇ ಹೆಚ್ಚು ಅಪಾಯ, ಅದು ಬೇಗನೆ ಶ್ವಾಸನಾಳಕ್ಕೆ ಇಳಿಯುತ್ತದೆ. ಉಣ್ಣುವಾಗ ಕೆಮ್ಮು ಬಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಮಾತು ಹೋದವನಿಗೆ ಬುದ್ಧಿಯೂ ಹೋಯಿತೆಂದು ತಿಳಿದು ಅವನ ಎದುರಿಗೇ ಅವನ ಭಾರದ ಮಾತಾಡಬಾರದು. ಅವನಿಗೆ ಎಲ್ಲವೂ ತಿಳಿಯುತ್ತಿರಬಹುದು. ತಡವಾದರೂ ಚಿಂತೆಯಿಲ್ಲ, ಅವನು ಮಾಡಬಲ್ಲ ಕೆಲಸವನ್ನು ಅವನೇ ಮಾಡಲಿ. ರಕ್ತದೊತ್ತಡದ ಗುಳಿಗೆಯನ್ನು ಆರಾಮಾಯಿತೆಂದು ಬಿಡಬಾರದು.

ಒಮ್ಮೆ ಬಂದ ಲಕ್ವಾ ಮತ್ತೆ ಬರಬಹುದು. ಬಾಯಿ ಸೊಟ್ಟಗಾದರೆ, ಎತ್ತಿದ ಕೈ ಕೆಳಗೆ ಬಿದ್ದರೆ, ಮಾತು ತೊದಲಿದರೆ ತತ್ಕ್ಷಣ ೧೦೮ಕ್ಕೆ ಕರೆ ಮಾಡಬೇಕು. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಎಣ್ಣೆ ತಿಕ್ಕುತ್ತ, ನಾಟಿ ಔಷಧಿಗೆ ಅಲೆಯುತ್ತ ಆ ಹೊತ್ತನ್ನು ಕಳೆದರೆ ಅದು ಮರಳಿ ಬಾರದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕಾಗಿದೆ. ಮನೆಯವರಿಗೆ ಕಲಿಸಿಬಿಟ್ಟರೆ ಸಾಕು, ಉಳಿದುದೆಲ್ಲ ತಾನೇ ನಡೆಯುತ್ತದೆ ಎನ್ನುವವರಿದ್ದಾರೆ. ಅವರು ನಮ್ಮ ದೇಶದಲ್ಲಿಯೇ ನಡೆದ ದೊಡ್ಡ ಪ್ರಯೋಗವೊಂದನ್ನು ನೋಡಬೇಕು. ದೇಶದ ೧೪ ಆಸ್ಪತ್ರೆಗಳಲ್ಲಿ ೧೨೫೦ ಪಾರ್ಶ್ವವಾಯು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಯವರಿಗೆ ಆಸ್ಪತ್ರೆಯಲ್ಲಿಯೂ ಆಮೇಲೆ ಮನೆಯಲ್ಲಿ ೨ ತಿಂಗಳವರೆಗೂ ತರಬೇತಿ ಕೊಟ್ಟರು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. ೬ ತಿಂಗಳಾದ ಮೇಲೆ ನೋಡಿದರೆ ಎರಡೂ ಗುಂಪುಗಳಲ್ಲಿ ನೂರಕ್ಕೆ ೪೭ ಮಂದಿ ತೀರಿಕೊಂಡಿದ್ದರು, ಇಲ್ಲವೆ ಪರಾವಲಂಬಿಗಳಾಗಿದ್ದರು. ೨೦೧೭ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಹಾಗಾದರೆ ಕಲಿಸುವುದೇ ವ್ಯರ್ಥವೆ? ಹಾಗೆ ನಾವು ಹೇಳುವುದಿಲ್ಲ. ಕಲಿಸಲಿ, ಬಿಡಲಿ, ರೋಗಿಯನ್ನು ಎತ್ತಿ ಇಳಿಸುವ ಕೆಲಸ ಮನೆಯ ಹೆಣ್ಣುಮಕ್ಕಳ ಮೇಲೆ ಬಿದ್ದೇ ಬೀಳುತ್ತದೆ. ಬೀಳುವ ಕೆಲಸವನ್ನು ಅರಿತು ಮಾಡುವ ಹಕ್ಕು ಅವರಿಗುಂಟು. ಆದರೆ ಸೊಸೆಗೆ ೩ ದಿನ ಪಾಠ ಹೇಳಿದ್ದೇವೆಂಬ ಕಾರಣಕ್ಕೆ ಸರ್ಕಾರ ಫಿಜಿಯೋಥೆರಪಿಯವರನ್ನು ನೇಮಿಸದೆ ಕೈತೊಳೆದುಕೊಳ್ಳುವಂತಿಲ್ಲ. ಪುಕ್ಕಟೆ ದುಡಿಯುವ ಹೆಣ್ಣಿನ ಹೆಗಲ ಮೇಲೆ ಆಸ್ಪತ್ರೆಯ ಹೊರೆಯನ್ನು ಇಳಿಸಿ ಅದಕ್ಕೆ ಕುಟುಂಬಪ್ರೇಮವೆಂದು ಹೆಸರಿಡುವುದನ್ನು ನಾವು ಒಪ್ಪಲಾರೆವು.

ಇದಕ್ಕೆ ಕಾನೂನಿನ ಆಧಾರವೂ ಉಂಟು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ೨೪ನೆಯ ಕಲಮು, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆಯ ಭತ್ಯೆ ಕೊಡುವ ಮಾತಾಡುತ್ತದೆ. ಸರ್ಕಾರದ ‘ಆರ್ಥಿಕ ಶಕ್ತಿಯ ಮಿತಿಯೊಳಗೆ’ ಎಂದೂ ಅದೇ ಕಲಮು ಸೇರಿಸಿದೆ! ಆ ಮಿತಿ ಎಲ್ಲಿದೆಯೆಂದು ಕೇಳುವವರು ಇಲ್ಲದಿದ್ದರೆ ಅದು ಬಾಗಿಲಿನಲ್ಲಿಯೇ ಇರುತ್ತದೆ. ೨೦೧೨ರ ತಿದ್ದುಪಡಿಯಿಂದ ಬಂದ ಸಂವಿಧಾನದ ೩೭೧ (ಜೆ) ಕಲಮು ನಮ್ಮ ಭಾಗದ ಅಭಿವೃದ್ಧಿಗೆ ನ್ಯಾಯವಾದ ಪಾಲು ಕೊಡಬೇಕೆನ್ನುತ್ತದೆ. ಅಭಿವೃದ್ಧಿಯೆಂದರೆ ರಸ್ತೆ, ಕಟ್ಟಡ ಮಾತ್ರವೆ? ಬಿದ್ದ ಮನುಷ್ಯನನ್ನು ಎಬ್ಬಿಸುವುದು ಅಭಿವೃದ್ಧಿಯಲ್ಲವೆ?

ನಮ್ಮ ಬೇಡಿಕೆಗಳು ಮೂರು. ಆಸ್ಪತ್ರೆಯಿಂದ ಬಿಡುವ ಮೊದಲು ನೋಡಿಕೊಳ್ಳುವವರಿಗೆ ಕೈಹಿಡಿದು ಕಲಿಸಬೇಕು. ಕನ್ನಡದಲ್ಲಿ, ಓದುಬಾರದವರಿಗೂ ತಿಳಿಯುವಂತೆ ಕಲಿಸಬೇಕು. ೨೦೨೪ರಲ್ಲಿ ಕೋಲಾರದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ರಕ್ತದೊತ್ತಡ, ಸಕ್ಕರೆ ರೋಗ ಪರೀಕ್ಷಿಸುತ್ತಾರೆ. ಅದೇ ಬಗೆಯಲ್ಲಿ ಲಕ್ವಾ ರೋಗಿಯ ಮನೆಗೆ ಫಿಜಿಯೋಥೆರಪಿಯವರು ವಾರಕ್ಕೊಮ್ಮೆಯಾದರೂ ಬರಬೇಕು. ಕೂಲಿ ಬಿಟ್ಟು ಆರೈಕೆ ಮಾಡುವವರಿಗೆ ಭತ್ಯೆ ಸಿಗಬೇಕು.

ಊರವರು ಮಾಡಬೇಕಾದುದೂ ಇದೆ. ನೆರೆಮನೆಯವರು ದಿನಕ್ಕೆ ಒಂದು ಗಂಟೆ ರೋಗಿಯ ಬಳಿ ಕೂತರೆ ಆ ತಾಯಿ ಒಂದು ಗಂಟೆ ನಿದ್ದೆ ಮಾಡಿಯಾಳು. ಗಂಡಸರೂ ಮಗ್ಗುಲು ಬದಲಿಸಲು ಕಲಿಯಲಿ. ಅದು ಹೆಣ್ಣಿಗೆ ಮಾತ್ರ ಒಲಿದ ವಿದ್ಯೆಯಲ್ಲ. ಈ ಮೂರು ಬೇಡಿಕೆಗಳ ಅರ್ಜಿ ಇಲ್ಲಿಯೇ ಸಿದ್ಧವಿದೆ. ಸಹಿ ಮಾಡಿ, ಬಾರದವರು ಹೆಬ್ಬೆಟ್ಟು ಒತ್ತಿ. ಅಫಜಲಪುರಕ್ಕೆ ಅದನ್ನು ಒಯ್ಯುವಾಗ ನಾವೂ ನಿಮ್ಮೊಡನೆ ಬರುತ್ತೇವೆ.