ಹೊಸ್ತಿಲವರೆಗಿನ ಅನುಮತಿ

(ಬಾನುಲಿ ಭಾಷಣ)

ಮನೆಗೆ ಬಂದ ಅತಿಥಿಯನ್ನು ಬಾಗಿಲಲ್ಲೇ ನಿಲ್ಲಿಸಿ, 'ಏಕೆ ಬಂದಿರಿ? ಎಂದು ಹೊರಡುವಿರಿ?' ಎಂದು ಕೇಳುವುದು ನಮ್ಮ ಸಂಪ್ರದಾಯವಲ್ಲ. ಆದರೆ ದೇಶಗಳು ಅತಿಥಿಗೆ ಹಾಕುವ ಮೊದಲ ಪ್ರಶ್ನೆಗಳೇ ಇವು. ಇವಕ್ಕೆ ಮುಂಚಿತವಾಗಿ ಉತ್ತರ ಒಪ್ಪಿಸಿ ಪಡೆಯುವ ಅನುಮತಿಯೇ ವೀಸಾ. ಲ್ಯಾಟಿನ್ ಮೂಲದ ಈ ಪದಕ್ಕೆ 'ನೋಡಲಾಗಿದೆ' ಎಂಬಷ್ಟೇ ಅರ್ಥ. ನಮ್ಮ ಹಿರಿಯರು ರಹದಾರಿ ಎನ್ನುತ್ತಿದ್ದ ಪಾಸ್‌ಪೋರ್ಟನ್ನು ಕೊಡುವುದು ನಮ್ಮ ಸರ್ಕಾರ. ಅದನ್ನು ನೋಡಿ ವೀಸಾ ಕೊಡುವುದು ನಾವು ಹೋಗಲಿರುವ ದೇಶ.

ಯೂರೋಪಿನ ಉದಾಹರಣೆಯನ್ನೇ ನೋಡೋಣ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲಿನ ಹಡಗಿನಲ್ಲಿ, ಐದು ದೇಶಗಳು ತಮ್ಮ ನಡುವಣ ಗಡಿ ತಪಾಸಣೆಯನ್ನು ಕ್ರಮೇಣ ತೆಗೆದುಹಾಕಲು ಒಪ್ಪಿ ಸಹಿ ಮಾಡಿದವು. ಇಂದು ಆ ಕೂಟದಲ್ಲಿ 29 ದೇಶಗಳಿವೆ. ಸಾಮಾನ್ಯವಾಗಿ ಒಂದೇ ವೀಸಾ ಎಲ್ಲಕ್ಕೂ ಸಾಕು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಸಲ್ಲಿಸಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಪಾಸ್‌ಪೋರ್ಟು ಹತ್ತು ವರ್ಷಕ್ಕಿಂತ ಹಳೆಯದಾಗಿರದೆ, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಊರ್ಜಿತವಾಗಿದ್ದು, ಎರಡು ಖಾಲಿ ಪುಟಗಳನ್ನು ಹೊಂದಿರಬೇಕು. 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆಯೂ ಬೇಕು.

ಇಷ್ಟೆಲ್ಲ ಆಗಿ ವೀಸಾ ಕೈಗೆ ಬಂದರೂ ಅದು ಹೊಸ್ತಿಲವರೆಗಿನ ಅನುಮತಿ ಮಾತ್ರ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಗಡಿಯ ಅಧಿಕಾರಿ ಮತ್ತೆ ಕೇಳಬಹುದು: ಎಲ್ಲಿ ತಂಗುವಿರಿ, ಖರ್ಚಿಗೆ ಹಣವೆಲ್ಲಿ, ಹಿಂದಿರುಗುವ ಟಿಕೆಟ್ಟೆಲ್ಲಿ? ಆದುದರಿಂದ ಆ ಕಾಗದಗಳು ವಿಮಾನದ ಹೊಟ್ಟೆ ಸೇರುವ ಪೆಟ್ಟಿಗೆಯಲ್ಲಿರದೆ ಕೈಚೀಲದಲ್ಲಿರಲಿ.

ಇನ್ನು ದಿನಗಳ ಲೆಕ್ಕ. ಯಾವುದೇ 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ. ಇಳಿದ ದಿನ, ಹೊರಟ ದಿನ ಎರಡೂ ಎಣಿಕೆಗೆ ಬರುತ್ತವೆ. ನನ್ನ ಪರಿಚಿತ ದಂಪತಿಗಳು ಮಗಳ ಬಾಣಂತನಕ್ಕೆಂದು ಜರ್ಮನಿಗೆ ಹೋದರು. 90 ದಿನವೆಂದರೆ ಮೂರು ತಿಂಗಳು ಎಂಬುದು ಅವರ ನಂಬಿಕೆ. ಏಪ್ರಿಲ್ 1ರಂದು ಇಳಿದವರು ಜೂನ್ 30ರ ಸಂಜೆ ಹೊರಡುವುದೆಂದು ನಿಶ್ಚಯವಾಯಿತು. ಅಂದು ಬೆಳಗ್ಗೆ ಮೊಮ್ಮಗುವಿನ ನಾಮಕರಣ. ಅಳಿಯ ಒಂದು ರಾತ್ರಿ ಬೆರಳು ಮಡಿಸಿ ಎಣಿಸಿದ: ಮೂವತ್ತು, ಮೂವತ್ತೊಂದು, ಮೂವತ್ತು. ಒಟ್ಟು 91! ಒಂದೇ ದಿನ ಮೀರಿದರೂ ದಂಡ ಬೀಳಬಹುದು, ಮುಂದಿನ ವೀಸಾಕ್ಕೆ ಕುತ್ತು ಬರಬಹುದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು? ಅವರು 29ರಂದೇ ಹೊರಟುಬಂದರು. ಮೊಮ್ಮಗಳ ಹೆಸರನ್ನು ಅಜ್ಜಿ ಬೆಂಗಳೂರಿನಲ್ಲಿ ಕುಳಿತು ದೂರವಾಣಿಯಲ್ಲಿ ಕೇಳಿದರು.

ತಪ್ಪು ವೀಸಾದಲ್ಲಿರಲಿಲ್ಲ, ಓದುವುದರಲ್ಲಿತ್ತು. ಆ ಚೀಟಿಯ ಮೇಲೆ ಮೂರು ಸಂಗತಿಗಳಿರುತ್ತವೆ: ಯಾವ ದಿನಾಂಕದಿಂದ ಯಾವ ದಿನಾಂಕದೊಳಗೆ ಬಳಸಬಹುದು, ಒಟ್ಟು ಎಷ್ಟು ದಿನ ತಂಗಬಹುದು, ಎಷ್ಟು ಬಾರಿ ಪ್ರವೇಶಿಸಬಹುದು. ಅವಧಿ ಆರು ತಿಂಗಳೆಂದಿದ್ದರೂ ತಂಗುವ ದಿನಗಳು ಹದಿನೈದೇ ಇರಬಹುದು. ಒಂದೇ ಪ್ರವೇಶದ ವೀಸಾ ಹಿಡಿದು ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೋದವರು ಅದರ ಮೇಲೆ ಮತ್ತೆ ಪ್ಯಾರಿಸ್ಸಿಗೆ ಬರಲಾರರು. ಬ್ರಿಟನ್ ಆ ಕೂಟಕ್ಕೆ ಸೇರಿಲ್ಲ, ಅದರ ವೀಸಾ ಬೇರೆ.

ಪ್ರವಾಸಕಥನಗಳನ್ನು ಅಕ್ಕರೆಯಿಂದ ಓದುವ ನಾವು ಈ ಅಂಗೈಯಗಲದ ಬರಹವನ್ನೂ ಅಷ್ಟೇ ಅಕ್ಕರೆಯಿಂದ, ಹೊರಡುವ ಮೊದಲೇ, ಬೆರಳು ಮಡಿಸುತ್ತ ಓದಿಕೊಳ್ಳುವುದು ಒಳ್ಳೆಯದು.