ಕುತ್ತಿಗೆಯ ಕಾವಲು



ಹೊಸ ಕಾರು ಕೊಂಡ ಕುಟುಂಬಗಳಲ್ಲಿ ಮೊದಲ ದೂರಪ್ರಯಾಣ ಮುಗಿದ ಮೇಲೆ ಕೇಳಿಬರುವ ಒಂದು ದೂರು ಇದೆ. ಅದು ಎಂಜಿನ್ನಿನ ಬಗೆಗಲ್ಲ, ಇಂಧನದ ಖರ್ಚಿನ ಬಗೆಗೂ ಅಲ್ಲ. ಆಸನದ ಮೇಲ್ತುದಿಯಲ್ಲಿರುವ ಹೆಡ್‌ರೆಸ್ಟ್ ತಲೆಯನ್ನು ಮುಂದಕ್ಕೆ ನೂಕುತ್ತದೆ, ಗದ್ದವನ್ನು ಎದೆಯತ್ತ ಬಾಗಿಸುತ್ತದೆ, ಮುಂಬಯಿಯಿಂದ ಹೊರಟು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಕುತ್ತಿಗೆ ಹೆಗಲುಗಳು ಬಿಗಿದುಕೊಳ್ಳುತ್ತವೆ ಎಂಬುದೇ ಆ ದೂರು. ತುರುಬು ಕಟ್ಟುವ, ಜಡೆ ಹೆಣೆದು ಹೂ ಮುಡಿಯುವ ಮಹಿಳೆಯರಿಗೆ ಈ ಕಿರಿಕಿರಿ ಇನ್ನೂ ಹೆಚ್ಚು. ಪರಿಹಾರವನ್ನೂ ಜನ ತಾವೇ ಕಂಡುಕೊಂಡಿದ್ದಾರೆ. ಕೆಲವರು ಹೆಡ್‌ರೆಸ್ಟನ್ನು ಕಿತ್ತು ಮನೆಯ ಅಟ್ಟಕ್ಕೆ ಸೇರಿಸುತ್ತಾರೆ. ಕೆಲವರು ಅದನ್ನು ಹಿಂದುಮುಂದಾಗಿ ತಿರುಗಿಸಿ ಸಿಕ್ಕಿಸುತ್ತಾರೆ. ದೂರಿನಲ್ಲಿ ಹುರುಳಿದೆ. ಆದರೆ ಪರಿಹಾರ ಅಪಾಯಕರವಾದುದು.

ಗೊಂದಲದ ಒಂದು ಭಾಗ ಹೆಸರಿನಲ್ಲಿಯೇ ಅಡಗಿದೆ. ಜನ ಬಳಸುವ ಹೆಡ್‌ರೆಸ್ಟ್ ಎಂಬ ಮಾತಿಗೆ ತಲೆಗೆ ವಿಶ್ರಾಂತಿ ನೀಡುವುದು ಎಂದು ಅರ್ಥ. ಅಮೆರಿಕದ ನಿಯಮಗಳಲ್ಲಿಯೂ ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ವಾಹನ ನಿಯಮಗಳಲ್ಲಿಯೂ ಇದೇ ಭಾಗವನ್ನು ‘ಹೆಡ್ ರಿಸ್ಟ್ರೇಂಟ್’ ಎಂದು ಕರೆಯಲಾಗಿದೆ. ಅಂದರೆ ತಲೆಯನ್ನು ತಡೆದು ನಿಲ್ಲಿಸುವ ಸಾಧನ. ಕನ್ನಡದಲ್ಲಿ ಇದನ್ನು ತಲೆದಿಂಬು ಎಂದು ಅನುವಾದಿಸಿದರೆ ತಪ್ಪು ಕಲ್ಪನೆ ಮತ್ತಷ್ಟು ಗಟ್ಟಿಯಾಗುತ್ತದೆ. ಇದು ದಿಂಬಲ್ಲ, ತಡೆ. ಕಾರು ಸುಗಮವಾಗಿ ಚಲಿಸುತ್ತಿರುವಾಗ ತಲೆ ಇದಕ್ಕೆ ಒರಗಿರಲೇಬೇಕೆಂಬ ನಿಯಮವೂ ಇಲ್ಲ. ಇದರ ಕೆಲಸ ಇರುವುದು ಹಿಂದಿನಿಂದ ಮತ್ತೊಂದು ವಾಹನ ಬಂದು ಗುದ್ದಿದ ಆ ಒಂದು ಕ್ಷಣದಲ್ಲಿ.

ಆ ಕ್ಷಣದಲ್ಲಿ ನಡೆಯುವುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸಂಕೇತದೀಪದ ಬಳಿ ಕಾರು ನಿಂತಿದೆ ಎಂದಿಟ್ಟುಕೊಳ್ಳೋಣ. ಹಿಂದಿನ ವಾಹನ ಗುದ್ದಿದೊಡನೆ ಕಾರು, ಅದರೊಂದಿಗೆ ಆಸನ, ಆಸನಕ್ಕೆ ಒರಗಿದ ಬೆನ್ನು ಎಲ್ಲವೂ ಮುಂದಕ್ಕೆ ತಳ್ಳಲ್ಪಡುತ್ತವೆ. ತಲೆ ಮಾತ್ರ ಜಡತ್ವದಿಂದ ಇದ್ದಲ್ಲಿಯೇ ಉಳಿಯುತ್ತದೆ. ವಯಸ್ಕರ ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕಿಲೋಗ್ರಾಂ. ಈ ಭಾರವನ್ನು ಹೊತ್ತಿರುವ ಕುತ್ತಿಗೆಯ ಏಳು ಕಶೇರುಗಳ ಸರಣಿಯಲ್ಲಿ ಕೆಳಗಿನವು ಮುಂದೆ ಸಾಗುತ್ತವೆ, ಮೇಲಿನವು ಹಿಂದೆ ಉಳಿಯುತ್ತವೆ. ಕುತ್ತಿಗೆ ಒಂದು ಕ್ಷಣ ಇಂಗ್ಲಿಷಿನ ಎಸ್ ಅಕ್ಷರದಂತೆ ಡೊಂಕಾಗುತ್ತದೆ. ಅನಂತರ ತಲೆ ಹಿಂದಕ್ಕೆ ವಾಲಿ, ಮತ್ತೆ ಮುಂದಕ್ಕೆ ಚಿಮ್ಮುತ್ತದೆ. ಚಾವಟಿಯನ್ನು ಬೀಸಿದಾಗ ಅದರ ತುದಿ ಹೊಡೆದುಕೊಳ್ಳುವ ರೀತಿಯನ್ನು ಹೋಲುವುದರಿಂದ ಈ ಗಾಯಕ್ಕೆ ‘ವಿಪ್‌ಲ್ಯಾಶ್’ ಎಂಬ ಹೆಸರು ಬಂದಿದೆ. ಇದರ ಮುಖ್ಯ ಭಾಗವೆಲ್ಲ ಸೆಕೆಂಡಿನ ಹತ್ತರಲ್ಲೊಂದೆರಡು ಭಾಗದಲ್ಲಿ ಮುಗಿದುಹೋಗುತ್ತದೆ. ಕುತ್ತಿಗೆಯನ್ನು ಬಿಗಿಹಿಡಿಯುವಂತೆ ಮೆದುಳು ಸ್ನಾಯುಗಳಿಗೆ ಆಜ್ಞೆ ಕಳುಹಿಸಿ ಅದು ಪಾಲನೆಯಾಗುವ ವೇಳೆಗೆ ಅನಾಹುತ ಆಗಿಹೋಗಿರುತ್ತದೆ.

ಈ ಗಾಯದ ಮೋಸವೆಂದರೆ ಅದು ಕಣ್ಣಿಗೆ ಕಾಣದು. ಬಂಪರು ಕೊಂಚ ನುಗ್ಗಾದ ಸಣ್ಣ ಡಿಕ್ಕಿಯಲ್ಲಿಯೂ ಇದು ಸಂಭವಿಸಬಲ್ಲುದು. ರಕ್ತ ಸುರಿಯುವುದಿಲ್ಲ, ಮೂಳೆ ಮುರಿಯದಿರಬಹುದು, ಸ್ನಾಯು ಮತ್ತು ಅಸ್ಥಿರಜ್ಜುಗಳಂತಹ ಮೃದು ಭಾಗಗಳಿಗೆ ಆದ ಪೆಟ್ಟು ಸಾಮಾನ್ಯ ಎಕ್ಸ್‌ರೇ ಚಿತ್ರದಲ್ಲಿ ತೋರುವುದಿಲ್ಲ. ನೋವು ಕೆಲವೊಮ್ಮೆ ಮರುದಿನ ಬೆಳಿಗ್ಗೆ ಏಳುವಾಗ ಶುರುವಾಗುತ್ತದೆ. ಬಹುಮಂದಿಗೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಉಳಿದವರಿಗೆ ಕುತ್ತಿಗೆ ನೋವು, ತಲೆನೋವು, ತೋಳಿನ ಜೋಮು ವರ್ಷಗಟ್ಟಲೆ ಬಿಡುವುದಿಲ್ಲ. ಗಾಯ ಕಾಣದ ಕಾರಣ ಮನೆಯವರೂ ಮೇಲಧಿಕಾರಿಗಳೂ ನಂಬದಿರುವುದು ಇಂಥವರ ಎರಡನೆಯ ಸಂಕಟ.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿದವು. ಅವುಗಳಲ್ಲಿ ಹಿಂದಿನಿಂದ ಗುದ್ದಿದ ಪ್ರಕರಣಗಳು ಐದರಲ್ಲೊಂದು ಪಾಲಿಗೂ ಮಿಗಿಲು. ಇವೆಲ್ಲವೂ ಕಾರುಗಳಿಗೆ ಸಂಬಂಧಿಸಿದವಲ್ಲ, ನಿಜ. ಆದರೂ ಇದು ಅಪರೂಪದ ಬಗೆಯ ಅಪಘಾತವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾರುಗಳಲ್ಲಿ ಈ ತಡೆ ಮೊದಲಿನಿಂದಲೂ ಇರಲಿಲ್ಲ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ವಿದಾಯ ಪಡೆದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳಲ್ಲಿ ಓಡಾಡಿದವರಿಗೆ, ಭುಜದ ಎತ್ತರಕ್ಕೇ ಮುಗಿದುಹೋಗುತ್ತಿದ್ದ ಅವುಗಳ ಹಳೆಯ ಆಸನಗಳು ನೆನಪಿರಬಹುದು. ಅಮೆರಿಕದಲ್ಲಿ 1969ರ ಜನವರಿ 1ರಿಂದ ಹೊಸ ಕಾರುಗಳ ಮುಂದಿನ ಆಸನಗಳಿಗೆ ಹೆಡ್‌ರೆಸ್ಟ್ ಕಡ್ಡಾಯವಾಯಿತು. ಆಗಿನ ನಿಯಮ ಮುಖ್ಯವಾಗಿ ನೋಡಿದ್ದು ಎತ್ತರವನ್ನು. ತಲೆಗೂ ಹೆಡ್‌ರೆಸ್ಟಿಗೂ ನಡುವಣ ಅಂತರವೂ ಅಷ್ಟೇ ಮುಖ್ಯವೆಂಬುದು ಮುಂದಿನ ಸಂಶೋಧನೆಗಳಿಂದ ಮನವರಿಕೆಯಾಯಿತು. ಅಂತರ ಹೆಚ್ಚಿದ್ದರೆ ತಡೆ ಸಿಗುವ ಮುನ್ನವೇ ಕುತ್ತಿಗೆ ಡೊಂಕಾಗಿರುತ್ತದೆ. ಹೀಗಾಗಿ 2001ರಲ್ಲಿ ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು ಈ ಅಂತರ 50 ಮಿಲಿಮೀಟರನ್ನು ಮೀರಬಾರದೆಂದು ಪ್ರಸ್ತಾವಿಸಿತು. 2004ರ ಅಂತಿಮ ನಿಯಮದಲ್ಲಿ ಮಿತಿಯನ್ನು 55 ಮಿಲಿಮೀಟರ್ ಎಂದು ನಿಗದಿಪಡಿಸಲಾಯಿತು. ಸೌಕರ್ಯ ಮತ್ತು ಸುರಕ್ಷತೆಗಳ ನಡುವಣ ಇಡೀ ಚರ್ಚೆ ಕೊನೆಗೆ ಐದು ಮಿಲಿಮೀಟರುಗಳಲ್ಲಿ ಬಂದು ನಿಂತಿತೆನ್ನಬಹುದು. 2009ರ ಸೆಪ್ಟೆಂಬರಿನಿಂದ ಈ ನಿಯಮ ಹಂತಹಂತವಾಗಿ ಜಾರಿಗೆ ಬಂದಂತೆ ಹೆಡ್‌ರೆಸ್ಟುಗಳು ಮುಂದಕ್ಕೆ ಬಾಗಿದವು. ದೂರುಗಳೂ ಹೆಚ್ಚಿದವು.

ನಿಯಮವನ್ನು ಪಾಲಿಸಿಯೂ ತಲೆಗೆ ಒತ್ತುವುದೇಕೆ? ಅಮೆರಿಕದ ನಿಯಮದಲ್ಲಿ ಈ ಅಂತರವನ್ನು ಅಳೆಯುವಾಗ ಅಳತೆಯ ಬೊಂಬೆಯ ಬೆನ್ನು ನೇರ ಗೆರೆಯಿಂದ 25 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಆದರೆ ಇಕ್ಕಟ್ಟಾದ ನಗರದ ರಸ್ತೆಗಳಲ್ಲಿ ಕಾರು ನಡೆಸುವವರು, ಅದರಲ್ಲಿಯೂ ಕುಳ್ಳಗಿರುವವರು, ಬಾನೆಟ್ಟಿನ ಆಚೆ ಕಾಣಬೇಕೆಂದು ಬೆನ್ನೊರಗನ್ನು ಹೆಚ್ಚು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಬೆನ್ನೊರಗು ನೆಟ್ಟಗಾದಷ್ಟೂ ಅದರ ತುದಿಯಲ್ಲಿರುವ ಹೆಡ್‌ರೆಸ್ಟ್ ತಲೆಯ ಮೇಲೇರಿ ಬರುತ್ತದೆ. ದೂರು ಹೇಳುವವರ ಮೈಕಟ್ಟಿನಲ್ಲಿ ದೋಷವಿಲ್ಲ. ಅಳತೆಯ ಬೊಂಬೆ ಕುಳಿತಂತೆ ಅವರು ಕುಳಿತಿಲ್ಲ, ಅಷ್ಟೇ.

ಬೊಂಬೆಯ ಬಗೆಗೂ ಒಂದು ಮಾತು. ಹಿಂದಿನ ಡಿಕ್ಕಿಯ ಪರೀಕ್ಷೆಗಳಲ್ಲಿ ದಶಕಗಳಿಂದ ಬಳಕೆಯಾದದ್ದು ಸರಾಸರಿ ಗಂಡಸಿನ ದೇಹದ ಪ್ರತಿರೂಪ. ಆದರೆ ವಿಪ್‌ಲ್ಯಾಶ್ ಗಾಯಕ್ಕೆ ಒಳಗಾಗುವ ಸಂಭವ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚೆಂಬುದು ಹಲವು ಅಧ್ಯಯನಗಳಿಂದ ದೃಢಪಟ್ಟ ಸಂಗತಿ. ಯಾರಿಗೆ ಅಪಾಯ ಹೆಚ್ಚೋ ಅವರನ್ನೇ ಬಿಟ್ಟು ಆಸನವನ್ನು ಪರೀಕ್ಷಿಸಿದ್ದು ವಿಜ್ಞಾನಕ್ಕೆ ಶೋಭೆ ತರುವ ಸಂಗತಿಯಲ್ಲ. ಸ್ವೀಡನ್ನಿನ ಸಂಶೋಧಕಿ ಆಸ್ಟ್ರಿಡ್ ಲಿಂಡರ್ ಅವರ ತಂಡವು 2022ರಲ್ಲಿ ಸರಾಸರಿ ಹೆಂಗಸಿನ ಅಳತೆಯ, 162 ಸೆಂಟಿಮೀಟರ್ ಎತ್ತರದ ಪರೀಕ್ಷಾ ಬೊಂಬೆಯನ್ನು ಜಗತ್ತಿನ ಮುಂದಿಟ್ಟಿತು.

ಸೌಕರ್ಯವನ್ನು ಬಿಟ್ಟುಕೊಡದೆ ಸುರಕ್ಷತೆ ಸಾಧಿಸುವ ಪ್ರಯತ್ನಗಳೂ ಆ ದೇಶದಿಂದಲೇ ಬಂದವು. ಸಾಬ್ ಕಂಪನಿ 1997ರಲ್ಲಿ ತಂದ ಆಸನದಲ್ಲಿ, ಡಿಕ್ಕಿಯ ವೇಳೆ ಪ್ರಯಾಣಿಕರ ಬೆನ್ನೇ ಒಳಗಿನ ಸನ್ನೆಯೊಂದನ್ನು ಒತ್ತಿ ಹೆಡ್‌ರೆಸ್ಟನ್ನು ಮೇಲಕ್ಕೂ ಮುಂದಕ್ಕೂ ಸರಿಸುತ್ತಿತ್ತು. 1998ರಲ್ಲಿ ವೋಲ್ವೋ ಕಂಪನಿ ತನ್ನ ಕಾರಿನ ಬೆನ್ನೊರಗೇ ಹಿಡಿತದಲ್ಲಿ ಹಿಂದಕ್ಕೆ ಬಾಗಿ ಪೆಟ್ಟನ್ನು ಹೀರಿಕೊಳ್ಳುವ ಏರ್ಪಾಡು ಮಾಡಿತು. ಮೊದಲನೆಯ ಬಗೆಯಲ್ಲಿ ಹೆಡ್‌ರೆಸ್ಟ್ ಸಾಮಾನ್ಯ ವೇಳೆ ದೂರವಿದ್ದು, ಬೇಕಾದಾಗ ಹತ್ತಿರ ಬರುತ್ತದೆ. ಇಂಥ ರಚನೆ ಜಟಿಲ, ಬೆಲೆಯೂ ಹೆಚ್ಚು. ಎಲ್ಲ ಕಾರುಗಳಿಗೂ ಅದು ಬರಲಿಲ್ಲ.

ಅಲ್ಲಿಯವರೆಗೆ ಇರುವುದನ್ನೇ ಸರಿಪಡಿಸಿಕೊಳ್ಳುವ ದಾರಿಗಳಿವೆ. ಒತ್ತುತ್ತದೆ ಎನ್ನಿಸಿದರೆ ಮೊದಲು ಮುಟ್ಟಬೇಕಾದದ್ದು ಹೆಡ್‌ರೆಸ್ಟನ್ನಲ್ಲ, ಬೆನ್ನೊರಗನ್ನು. ಅದನ್ನು ಒಂದೆರಡು ಹಲ್ಲಿನಷ್ಟು ಹಿಂದಕ್ಕೆ ವಾಲಿಸಿ, ಆಸನವನ್ನು ಮುಂದಕ್ಕೆಳೆದು, ಆಸನದ ಎತ್ತರವನ್ನೋ ಸ್ಟೇರಿಂಗ್ ಚಕ್ರವನ್ನೋ ಹೊಂದಿಸಿಕೊಂಡರೆ ಬಹಳಷ್ಟು ಸಲ ತೊಂದರೆ ಕಡಿಮೆಯಾಗುತ್ತದೆ. ಹೆಡ್‌ರೆಸ್ಟಿನ ಮೇಲ್ತುದಿ ತಲೆಯ ನೆತ್ತಿಯ ಮಟ್ಟಕ್ಕಿರುವುದು ಉತ್ತಮ. ಎಷ್ಟೇ ತಗ್ಗಿದರೂ ಕಿವಿಯ ಮೇಲಂಚಿಗಿಂತ ಕೆಳಗಿಳಿಯಬಾರದು. ಕುತ್ತಿಗೆಯ ಹಿಂದೆ ನಿಂತ ಹೆಡ್‌ರೆಸ್ಟ್ ತಲೆ ಹಿಂದಕ್ಕೆ ಮಡಚಿಕೊಳ್ಳಲು ಸನ್ನೆಗೋಲಿನ ಆಧಾರದಂತಾಗುತ್ತದೆ. ತುರುಬನ್ನು ಪ್ರಯಾಣದ ಹೊತ್ತಿಗೆ ಕೊಂಚ ಕೆಳಗೆ ಕಟ್ಟಿಕೊಂಡರೆ, ಇಲ್ಲವೆ ಜಡೆಯನ್ನು ಹೆಗಲ ಮುಂದೆ ಇಳಿಬಿಟ್ಟರೆ ತಲೆಗೆ ಜಾಗ ಸಿಗುತ್ತದೆ. ಹೊಸ ಕಾರು ಕೊಳ್ಳುವವರು ಮಾರಾಟ ಮಳಿಗೆಯಲ್ಲಿ ಎರಡು ನಿಮಿಷ ಕುಳಿತು ಎದ್ದುಬಿಡದೆ, ಮನೆಯಲ್ಲಿ ಕಾರು ನಡೆಸುವ ಪ್ರತಿಯೊಬ್ಬರನ್ನೂ ಅರ್ಧ ಗಂಟೆಯಾದರೂ ಕೂರಿಸಿ ನೋಡುವುದು ಒಳಿತು. ಹಿಂದೆ ಮುಂದೆ ಸರಿಸಬಲ್ಲ ಹೆಡ್‌ರೆಸ್ಟ್ ಕೆಲವು ಕಾರುಗಳಲ್ಲಿ ದೊರೆಯುತ್ತದೆ.

ಅಂಗಡಿಗಳಲ್ಲಿ ಮಾರುವ ಕುತ್ತಿಗೆ ದಿಂಬುಗಳನ್ನು ಹೆಡ್‌ರೆಸ್ಟಿಗೆ ಕಟ್ಟಿದರೆ ಕುತ್ತಿಗೆ ಮುಂದೆ ಸರಿದು ತಲೆಗೂ ತಡೆಗೂ ನಡುವಣ ಅಂತರ ಹೆಚ್ಚುತ್ತದೆ. ಹೆಡ್‌ರೆಸ್ಟನ್ನು ತಿರುಗಿಸಿ ಹಾಕಿದರೂ ಆಗುವುದು ಇದೇ. ಜೊತೆಗೆ ಅದು ಸರಿಯಾಗಿ ಬೀಗಗೊಳ್ಳದೆ ಪೆಟ್ಟಿಗೆ ಜಾರಬಹುದು. ಅಪಘಾತದಲ್ಲಿ ಗಾಜನ್ನು ಒಡೆಯಲೆಂದೇ ಹೆಡ್‌ರೆಸ್ಟನ್ನು ಕಳಚುವಂತೆ ಮಾಡಿದ್ದಾರೆಂಬ ಸುದ್ದಿ ದೂರವಾಣಿಗಳಲ್ಲಿ ಹರಿದಾಡುತ್ತಿದೆ. ಅದು ಕಟ್ಟುಕತೆ. ಎತ್ತರ ಹೊಂದಿಸಲು, ಆಸನವನ್ನು ಮಡಿಸಲು ಅನುಕೂಲವಾಗಲೆಂದೇ ಆ ರಚನೆ.

ಹಿಂದಿನ ಆಸನದ ಕಡೆ ಗಮನ ಹರಿಸುವವರು ಕಡಿಮೆ. ಸಾಮಾನ್ಯವಾಗಿ ಮನೆಯ ಹಿರಿಯರು ಕೂರುವುದು ಅಲ್ಲಿಯೇ. ಅವರಿಗೆ ಸೀಟ್ ಬೆಲ್ಟ್ ಕಡ್ಡಾಯವೆಂಬುದು ಈಗ ಬಹುಮಂದಿಗೆ ಗೊತ್ತು. ಪಾಲಿಸುವವರ ಸಂಖ್ಯೆ ಬೇರೆ ಮಾತು. ಹಿಂದಿನ ಗಾಜಿನ ನೋಟಕ್ಕೆ ಅಡ್ಡಿಯಾಗದಿರಲೆಂದು ಅಲ್ಲಿನ ಹೆಡ್‌ರೆಸ್ಟುಗಳನ್ನು ಪೂರ್ತಿ ತಗ್ಗಿಸಿಡುವ ರೂಢಿಯಿದೆ. ಆಸನ ಖಾಲಿಯಿರುವಾಗ ಅದು ಸರಿಯೇ. ಯಾರಾದರೂ ಬಂದು ಕುಳಿತರೆ, ಕಾರು ಹೊರಡುವ ಮುನ್ನ ಅದನ್ನು ಎರಡು ಕೈಯಲ್ಲಿ ಹಿಡಿದು ‘ಕ್ಲಿಕ್’ ಎಂಬ ಶಬ್ದ ಕೇಳುವವರೆಗೆ ಮೇಲೆತ್ತಿ ನಿಲ್ಲಿಸಬೇಕು.